ಗುಡಿಯೂ ಸೋರುತ್ತಿದೆ, ದರ್ಗಾವೂ ಸೋರುತ್ತಿದೆ: ಸ್ಲ್ಯಾಬ್ ಹಾಕಿಸೋಣವೇ?

ಓದುಗರ ಪ್ರಶ್ನೆ:

ನಮ್ಮದು ಅಥಣಿ ಕಡೆಯ ಒಂದು ಹಳ್ಳಿ. ಮಹಾರಾಷ್ಟ್ರದ ಗಡಿ ಹತ್ತಿರ. ಊರ ನಡುವೆ ಹಳೇ ಕರಿಕಲ್ಲಿನ ಈಶ್ವರ ಗುಡಿ ಇದೆ. ಅದರ ಬೆನ್ನಿಗೇ ಒಂದು ದರ್ಗಾ. ಎರಡಕ್ಕೂ ಒಂದೇ ಕಟ್ಟೆ, ಒಂದೇ ಅಂಗಳ. ಜಾತ್ರೆ ಇರಲಿ, ಉರುಸು ಇರಲಿ, ಊರೆಲ್ಲ ಸೇರುತ್ತದೆ. ಈಚೆಗೆ ಮಳೆಗಾಲ ಬಂದರೆ ಎರಡೂ ಸೋರುತ್ತಿವೆ. ಗುಡಿಯ ಹಿಂದಿನ ಗೋಡೆ ಹೊಟ್ಟೆ ಬಿಟ್ಟಿದೆ. ಒಳಗೆ ಸೊಂಟದೆತ್ತರಕ್ಕೆ ಬಿಳಿ ಸವಳು ಕಾಣುತ್ತದೆ. ಪುಣೆಯಲ್ಲಿ ವ್ಯಾಪಾರ ಮಾಡುವ ನಮ್ಮೂರಿನವರೊಬ್ಬರು ಎರಡಕ್ಕೂ ದುಡ್ಡು ಕೊಡುತ್ತೇನೆ ಅಂದಿದ್ದಾರೆ. ಗುಡಿ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಒಳಗೆ ಗ್ರಾನೈಟ್, ಗೋಡೆಗೆ ಆಯಿಲ್ ಪೇಂಟ್ ಅಂತ ಕಮಿಟಿ ಲೆಕ್ಕ ಹಾಕಿದೆ. ದರ್ಗಾಕ್ಕೆ ಟೈಲ್ಸ್ ಮತ್ತು ಹಸಿರು ಬಣ್ಣ.

ಇಲಾಖೆಗೆ ಹೇಳಿದರೆ ಬೀಗ ಹಾಕಿ ಪೂಜೆ ನಿಲ್ಲಿಸುತ್ತಾರೆ ಅನ್ನುತ್ತಾರೆ ಕೆಲವರು. ಇನ್ನೊಂದು ಚಿಂತೆ. ದರ್ಗಾದ ಪಡಸಾಲೆಯಲ್ಲಿ ಎರಡು ಕಂಬ ಗುಡಿಯ ಕಂಬದಂತೆಯೇ ಇವೆ. ಒಂದರ ಮೇಲೆ ಏನೋ ಅಕ್ಷರ ಕೆತ್ತಿದ್ದಾರೆ. ಹುಡುಗರು ಅದರ ರೀಲ್ಸ್ ಮಾಡಿ ಬಿಡುತ್ತಿದ್ದಾರೆ. ನೆಲ ಅಗೆದರೆ ನಿಧಿ ಸಿಗುತ್ತದೆ ಅನ್ನುವವರೂ ಇದ್ದಾರೆ. ನಮ್ಮ ಮಾವನವರು, ಯಾವುದನ್ನೂ ಮುಟ್ಟಬೇಡಿ ಅನ್ನುತ್ತಾರೆ. ಏನು ಮಾಡೋಣ, ಸರ್? ಫೋಟೋ ಕಳಿಸಿದ್ದೇನೆ.

ಉತ್ತರ:

ನಿಮ್ಮ ಮಾವನವರು ಅರ್ಧ ಸರಿ ಹೇಳಿದ್ದಾರೆ. ಗೋಡೆ ಹೊಟ್ಟೆ ಬಿಟ್ಟ ಮೇಲೆ ಮುಟ್ಟದೆ ಇರುವ ಹಾಗಿಲ್ಲ. ಆದರೆ ಕಮಿಟಿಯವರು ಎಲ್ಲಿ ಮುಟ್ಟಬೇಕು ಅಂತಿದ್ದಾರೋ ಅಲ್ಲಿ ಮುಟ್ಟುವುದು ಬೇಡ.

ಮೊದಲು ಒಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ನಾನು ನೋಡಿದ ಹಳೇ ಗುಡಿ, ಬಸದಿ, ದರ್ಗಾ, ಮಸೀದಿಗಳಲ್ಲಿ ದುಡ್ಡಿಲ್ಲದೆ ಕೆಟ್ಟವು ಕಡಿಮೆ. ದುಡ್ಡು ಬಂದು ಕೆಟ್ಟವೇ ಜಾಸ್ತಿ. ದುಡ್ಡಿಲ್ಲದ ಊರಲ್ಲಿ ಜನ ಎರಡು ವರ್ಷಕ್ಕೊಮ್ಮೆ ಸುಣ್ಣ ಬಳಿದು, ಮಾಳಿಗೆಯ ಕಸ ತೆಗೆದು ಸುಮ್ಮನಾಗುತ್ತಾರೆ. ಕಟ್ಟಡಕ್ಕೆ ಅಷ್ಟೇ ಬೇಕಾಗಿತ್ತು. ದಾನಿಗಳು ಬಂದರೆ ಕಣ್ಣಿಗೆ ಕಾಣುವ ಕೆಲಸ ಆಗಬೇಕು. ಕಣ್ಣಿಗೆ ಕಾಣುವುದು ಗ್ರಾನೈಟ್, ಟೈಲ್ಸ್, ಬಣ್ಣ. ಚರಂಡಿ ಯಾರಿಗೂ ಕಾಣುವುದಿಲ್ಲ. ನಿಮ್ಮ ಗುಡಿ ಮತ್ತು ದರ್ಗಾಕ್ಕೆ ಮೊದಲು ಬೇಕಾಗಿರುವುದು ಚರಂಡಿ.

ಫೋಟೋ ನೋಡಿ ಇದನ್ನು ಹೇಳುತ್ತಿದ್ದೇನೆ. ದರ್ಗಾದ ಮಾಳಿಗೆಯ ಮೂರನೇ ಫೋಟೋ ತೆಗೆದು ನೋಡಿ. ಗುಡಿಯ ಕಡೆಗೆ ಬಾಯಿ ಮಾಡಿದ, ಮಳೆನೀರು ಹೊರಚೆಲ್ಲುವ ಎರಡು ಕಲ್ಲಿನ ದೋಣಿಗಳಿವೆ. ಉಳಿದ ಮೂರು ಕಡೆಯ ದೋಣಿಗಳಿಗೆ ಯಾರೋ ಸಿಮೆಂಟ್ ಮೆತ್ತಿದ್ದಾರೆ. ಬಹುಶಃ ಪಕ್ಕದಲ್ಲಿ ಆಮೇಲೆ ಕಟ್ಟಿದ ಕೋಣೆಯ ಮೇಲೆ ನೀರು ಬೀಳಬಾರದು ಅಂತ. ಹಾಗಾಗಿ ದರ್ಗಾದ ಮಾಳಿಗೆಗೆ ಬಿದ್ದ ಮಳೆಯೆಲ್ಲ ಈಗ ಗುಡಿಯ ಬೆನ್ನಿಗೆ ಸುರಿಯುತ್ತಿದೆ. ಎರಡರ ನಡುವಿನ ಆ ಕಿರಿದಾದ ಸಂದಿಯಲ್ಲಿ ನೀರು ನಿಲ್ಲುತ್ತಿದೆ. ಅಲ್ಲೇ ಹಸಿರು ಪಾಚಿ, ಅಲ್ಲೇ ಅರಳಿ ಸಸಿ, ಅಲ್ಲೇ ಗೋಡೆ ಹೊಟ್ಟೆ ಬಿಟ್ಟಿರುವುದು. ಇತ್ತ ಅಂಗಳಕ್ಕೆ ಕಾಂಕ್ರೀಟ್ ಹಾಕಿ ಎತ್ತರ ಮಾಡಿದ್ದರಿಂದ ಗುಡಿಯ ನೀರು ಹಿಂದಕ್ಕೆ ಸರಿದು ದರ್ಗಾದ ಅಡಿಪಾಯಕ್ಕೆ ಹೋಗುತ್ತಿದೆ. ಅದರ ನೀರು ಇದಕ್ಕೆ, ಇದರ ನೀರು ಅದಕ್ಕೆ. ಒಂದನ್ನು ರಿಪೇರಿ ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ. ಎರಡು ಕಮಿಟಿ ಇದ್ದರೂ ಅಂದಾಜು ಪಟ್ಟಿ ಒಂದೇ ಆಗಬೇಕು.

ಗೋಡೆ ಯಾಕೆ ಹೊಟ್ಟೆ ಬಿಡುತ್ತದೆ ಅಂತ ತಿಳಿದುಕೊಂಡರೆ ಸ್ಲ್ಯಾಬ್ ಯಾಕೆ ಬೇಡ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಹೊರಗಿನಿಂದ ನೋಡಿದರೆ ಅದು ಇಡೀ ಕಲ್ಲಿನ ದಪ್ಪ ಗೋಡೆ. ಹಾಗಿರುವುದಿಲ್ಲ. ಹೊರಗೊಂದು ಪದರ ಕೆತ್ತಿದ ಕಲ್ಲು, ಒಳಗೊಂದು ಪದರ. ನಡುವೆ ಚೂರುಗಲ್ಲು, ಮಣ್ಣು, ಕೆಲವು ಕಡೆ ಸುಣ್ಣ. ಮೇಲಿನಿಂದ ನೀರು ಇಳಿದರೆ ನಡುವಿನ ಮಣ್ಣು ತೊಳೆದು ಕೆಳಗೆ ಕೂರುತ್ತದೆ. ಮೇಲೆ ಪೊಳ್ಳು, ಕೆಳಗೆ ಒತ್ತಡ. ಆಗ ಹೊರಗಿನ ಪದರ ಉಬ್ಬುತ್ತದೆ. ಅಂಥ ಗೋಡೆಯ ಮೇಲೆ ಕಬ್ಬಿಣ, ಕಾಂಕ್ರೀಟಿನ ಸ್ಲ್ಯಾಬ್ ಭಾರ ಹೇರಿದರೆ ಏನಾಗುತ್ತದೆ, ಹೇಳಿ. ಇಷ್ಟೇ ಅಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕೆಳಗಿನ ಕಲ್ಲಿನ ತೊಲೆಗಳು ಆ ಎಳೆದಾಟಕ್ಕೆ ಹೊಂದಿಕೊಳ್ಳುವುದಿಲ್ಲ. ಮೇಲಿನ ಸಾಲಿನ ಕಲ್ಲುಗಳು ಸಡಿಲಾಗುತ್ತವೆ. ಸ್ಲ್ಯಾಬ್ ಅಂಚಿನಲ್ಲಿ ಬಿರುಕು ಬಂದು ನೀರು ಮತ್ತೆ ಅಲ್ಲೇ ಇಳಿಯುತ್ತದೆ. ಆಗ ಅದನ್ನು ತೆಗೆಯಲು ಬ್ರೇಕರ್ ಯಂತ್ರ ತರಬೇಕು. ಆ ಅದುರಿಗೆ ಗುಡಿ ತಡೆಯುತ್ತದಾ?

ಇನ್ನು ಸವಳು. ಇದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಕೃಷ್ಣೆಯ ನೀರು ಬಂದು ಕಬ್ಬು ಜಾಸ್ತಿಯಾದ ಮೇಲೆ ಎಷ್ಟೋ ಹೊಲ ಸವಳಾದದ್ದನ್ನು ನಿಮ್ಮ ಕಡೆಯ ರೈತರೇ ಕಂಡಿದ್ದಾರೆ. ನೆಲದ ನೀರು ಮೇಲಕ್ಕೆ ಬರುತ್ತದೆ, ಜೊತೆಗೆ ಉಪ್ಪು ತರುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ. ಹೊಲಕ್ಕೆ ಆದದ್ದೇ ಗೋಡೆಗೂ ಆಗುತ್ತಿದೆ. ಕಲ್ಲಿನ, ಗಚ್ಚಿನ ಸಣ್ಣ ರಂಧ್ರಗಳಲ್ಲಿ ನೀರು ಏರುತ್ತದೆ. ಮೇಲ್ಮೈಗೆ ಬಂದು ಆರಿದಾಗ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆಯಲು ಜಾಗ ಬೇಕು. ಆ ಜಾಗಕ್ಕಾಗಿ ಕಲ್ಲಿನ ಮುಖವನ್ನೇ ಸೀಳುತ್ತದೆ. ಮುಟ್ಟಿದರೆ ಪುಡಿ ಉದುರುವುದು ಇದಕ್ಕೇ.

ಕರಿಕಲ್ಲು ಗಟ್ಟಿ, ಬೇಗ ಸೋಲುವುದಿಲ್ಲ. ಅದರ ಸಂದಿನ ಗಚ್ಚು ಮೊದಲು ಹೋಗುತ್ತದೆ. ಬಾದಾಮಿ, ಐಹೊಳೆ ಕಡೆಯ ಮರಳುಗಲ್ಲಾದರೆ ಕಲ್ಲೇ ಹೋಗುತ್ತದೆ. ಹಿರೇ ಗುಡಿಗಳ ನುಣುಪಾದ ಬಳಪದ ಕಲ್ಲಿನ ಕಂಬಗಳು ಇನ್ನೂ ನಾಜೂಕು. ನಿಮ್ಮ ದರ್ಗಾದ ಆ ಎರಡು ಕಂಬ ಫೋಟೋದಲ್ಲಿ ನೋಡಿದರೆ ಬಳಪದ ಕಲ್ಲಿನವೇ ಅನ್ನಿಸುತ್ತದೆ. ಅವುಗಳ ಬುಡದ ಹತ್ತಿರ ಸಿಮೆಂಟ್ ತರಲೇಬೇಡಿ.

ಸಿಮೆಂಟ್ ಗಟ್ಟಿ, ಹಾಗಾಗಿ ಒಳ್ಳೆಯದು ಅನ್ನುವುದು ನಮ್ಮ ಗವಂಡಿಗಳಿಂದ ಎಂಜಿನಿಯರುಗಳವರೆಗೆ ಎಲ್ಲರೂ ನಂಬಿದ ಮಾತು. ಹೊಸ ಕಟ್ಟಡಕ್ಕೆ ಅದು ಸರಿ. ಹಳೇ ಗೋಡೆಗೆ ಆ ಗಟ್ಟಿತನವೇ ತೊಂದರೆ. ಸುಣ್ಣದ ಗಚ್ಚು ನೀರನ್ನು ಒಳಗೆ ಬಿಟ್ಟರೂ ಮತ್ತೆ ಹೊರಗೆ ಬಿಡುತ್ತದೆ. ಗೋಡೆ ಸ್ವಲ್ಪ ಅಲುಗಿದರೆ ಗಚ್ಚೂ ಬಾಗುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟ್ ಬಾಗುವುದಿಲ್ಲ, ನೀರು ಬಿಡುವುದಿಲ್ಲ. ಜೊತೆಗೆ ತನ್ನದೇ ಉಪ್ಪನ್ನೂ ಗೋಡೆಗೆ ಸೇರಿಸುತ್ತದೆ. ಕೆಳಗೆ ಸೊಂಟದವರೆಗೆ ಸಿಮೆಂಟ್ ಮೆತ್ತಿದರೆ ತೇವ ಅಲ್ಲಿ ಹೊರಬರಲಾಗದೆ ಎದೆಯ ಮಟ್ಟಕ್ಕೆ ಏರುತ್ತದೆ. ಆಯಿಲ್ ಪೇಂಟ್ ಮಾಡುವುದೂ ಇದನ್ನೇ. ಬೇಸಿಗೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಹೊಲದಲ್ಲಿ ದುಡಿದ ಹಾಗೆ, ಒಳಗೆ ಬೆವರು, ಹೊರಗೆ ಥಳಥಳ.

ನೆಲಕ್ಕೆ ಗ್ರಾನೈಟ್ ಹಾಕಿದರೂ ಇದೇ ಕಥೆ. ಹಳೇ ಹಾಸುಗಲ್ಲಿನ ಸಂದಿಯಿಂದ ನೆಲದ ತೇವ ಆರುತ್ತಿರುತ್ತದೆ. ಅದನ್ನು ಮುಚ್ಚಿದರೆ ತೇವ ಗೋಡೆ ಹತ್ತುತ್ತದೆ. ಕೃಷ್ಣಾ ತೀರದ ಒಂದು ಊರಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಒಣಗಿದ್ದ ಗರ್ಭಗುಡಿ, ಗ್ರಾನೈಟ್ ಹಾಕಿಸಿದ ಎರಡೇ ಮಳೆಗಾಲದಲ್ಲಿ ಗೋಡೆ ಜಿನುಗಲು ಶುರು ಮಾಡಿತ್ತು. ದಾನಿಯ ಹೆಸರಿದ್ದ ಕಲ್ಲು ಮಾತ್ರ ಹೊಳೆಯುತ್ತಿತ್ತು.

ಹಳಬರಿಗೆ ಸಿಮೆಂಟ್ ಸಿಕ್ಕಿದ್ದರೆ ಅವರೂ ಅದನ್ನೇ ಹಾಕುತ್ತಿದ್ದರಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇರಬಹುದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಕ್ಕೂ ಮೊದಲೇ, 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ 44 ಮೀಟರ್ ಅಡ್ಡಳತೆಯ ಗುಮ್ಮಟ ಎದ್ದು ನಿಂತಿತ್ತು. ವಿಜಯಪುರದ ಆ ಗೋಳಗುಮ್ಮಟ ಕಟ್ಟಿದ್ದು ಕರಿಕಲ್ಲು, ಇಟ್ಟಿಗೆ, ಸುಣ್ಣದಲ್ಲಿ. ಬಾದಾಮಿ ಚಾಲುಕ್ಯರ ಗುಡಿಗಳಲ್ಲಿ ಸುಣ್ಣವೂ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ ಅಷ್ಟೇ. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆ ಹತ್ತಿರದಿಂದ ನೋಡಿ. ಎರಡು ಹಾಸುಬಂಡೆ ಕೂಡುವ ಕಡೆಯೆಲ್ಲ ಉದ್ದನೆಯ ಕಲ್ಲಿನ ಪಟ್ಟಿ ಇಟ್ಟು ಸಂದಿ ಮುಚ್ಚಿದ್ದಾರೆ. ಮಾಳಿಗೆಗೆ ವಾಟವೂ ಇದೆ, ಅಂದರೆ ನೀರು ಹರಿಯುವ ಇಳಿಜಾರು. ಸಂದಿ ಮುಚ್ಚು, ವಾಟ ಕೊಡು, ನೀರು ದೂರ ಚೆಲ್ಲು. ಅವರಿಗೆ ಗೊತ್ತಿದ್ದದ್ದು ಇದು. ನಿಮ್ಮ ಗುಡಿ ಕಟ್ಟಿದವರಿಗೂ ಗೊತ್ತಿತ್ತು. ಮಾಳಿಗೆಯ ಮಣ್ಣು ತೆಗೆದರೆ ಅವರ ವಾಟ ನಿಮಗೂ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು?

ಈ ಮಳೆಗಾಲಕ್ಕೆ ಮುಂಚೆ ದೊಡ್ಡ ಕೆಲಸ ಶುರು ಮಾಡಬೇಡಿ. ಸುಣ್ಣದ ಕೆಲಸ ನಿಧಾನವಾಗಿ ಆರಬೇಕು, ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ. ದೀಪಾವಳಿ ಕಳೆದು ಶುರು ಮಾಡಿ ಬಿಸಿಲು ಏರುವ ಮುಂಚೆ ಮುಗಿಸುವುದು ಒಳ್ಳೆಯದು. ಅಲ್ಲಿಯವರೆಗೆ ಮಾಡಬೇಕಾದ್ದು ಇದೆ, ಖರ್ಚು ಕಡಿಮೆ. ಎರಡೂ ಮಾಳಿಗೆಯ ಮಣ್ಣು, ಕಸ, ಹುಲ್ಲು ತೆಗೆಯಿರಿ. ಮುಚ್ಚಿದ ದೋಣಿಗಳ ಸಿಮೆಂಟನ್ನು ಸಣ್ಣ ಉಳಿಯಿಂದ ಮೆಲ್ಲಗೆ ಬಿಡಿಸಿ. ನಡುವಿನ ಸಂದಿಗೆ ಮೇಲಿನಿಂದ ತಗಡು ಇಳಿಜಾರಾಗಿ ಕಟ್ಟಿ, ನೀರು ಅಂಗಳದಾಚೆ ಬೀಳುವಂತೆ ಮಾಡಿ. ತಗಡಿಗೆ ನೆಲದಲ್ಲಿ ಬೇರೆ ಕಂಬ ನೆಡಿ, ಹಳೇ ಗೋಡೆಗೆ ಮೊಳೆ ಹೊಡೆಯಬೇಡಿ. ತಾಡಪತ್ರಿಯನ್ನು ಮಾಳಿಗೆಗೆ ಅಂಟಿಸಿ ಹಾಸುವುದೂ ಬೇಡ, ಒಳಗಿನ ತೇವ ಸಿಕ್ಕಿಕೊಳ್ಳುತ್ತದೆ.

ಅರಳಿ ಸಸಿಯನ್ನು ಹಿಡಿದು ಜಗ್ಗಬೇಡಿ. ಬೇರು ಕಲ್ಲಿನ ಹಿಂದೆ ಎಷ್ಟು ದೂರ ಹೋಗಿದೆಯೋ, ಜಗ್ಗಿದರೆ ಕಲ್ಲೂ ಜೊತೆಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ. ಬೇರು ಒಣಗಿದ ಮೇಲೆ ತೆಗೆದು ಆ ಜಾಗವನ್ನು ಗಚ್ಚಿನಿಂದ ತುಂಬಬೇಕು. ಹಿಂದೂಗಳಲ್ಲಿ ಅರಳಿ ಕಡಿಯಲು ಹಿಂಜರಿಯುವವರಿರುತ್ತಾರೆ. ಸಣ್ಣ ಸಸಿಯಾದರೆ ಬೇರೆ ಕಡೆ ನೆಡುತ್ತೇವೆ ಅಂತ ಹೇಳಿ ತೆಗೆಯಿರಿ, ನಿಜವಾಗಿ ನೆಡಿ ಕೂಡ.

ಹೊಟ್ಟೆ ಬಿಟ್ಟ ಗೋಡೆಯ ಹತ್ತಿರ ಜನ ಕೂರದಂತೆ ಹಗ್ಗ ಕಟ್ಟಿ. ಬಿರುಕು ಇದ್ದ ಕಡೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಅಂತ ಅರ್ಥ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಯಾಕೆಂದರೆ ನಿಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮಳೆಯಲ್ಲಿ ಬಂದ ಬಿರುಕು ಬೇಸಿಗೆಯಲ್ಲಿ ಅರ್ಧ ಮುಚ್ಚಿಕೊಂಡರೆ ಅದು ಮಣ್ಣಿನ ಆಟ. ಮುಚ್ಚಿಕೊಳ್ಳದೆ ಅಗಲವಾಗುತ್ತಲೇ ಹೋದರೆ ಗೋಡೆಗೆ ಆಸರೆ ಕೊಟ್ಟು ಕೂಡಲೇ ಎಂಜಿನಿಯರನ್ನು ಕರೆಸಬೇಕು.

ಮಳೆಗಾಲ ಮುಗಿದ ಮೇಲೆ ಚರಂಡಿ. ಅಡಿಪಾಯಕ್ಕೆ ಒತ್ತಿಕೊಂಡು ಅಗೆಯಬೇಡಿ, ಒಂದೂವರೆ ಎರಡು ಮೀಟರ್ ಆಚೆ ಅಗೆಯಿರಿ. ಗೋಡೆಯಿಂದ ಚರಂಡಿಯವರೆಗೆ ವಾಟ ಕೊಟ್ಟು ಹಾಸುಗಲ್ಲು ಹಾಕಿ, ಸಂದಿಗೆ ಮರಳು ಅಥವಾ ಸುಣ್ಣ. ಅಂಗಳದ ಕಾಂಕ್ರೀಟಿನಲ್ಲಿ ಗೋಡೆಗೆ ತಾಗಿದ ಭಾಗವನ್ನಾದರೂ ಕತ್ತರಿಸಿ ತೆಗೆಯಿರಿ. ಇಷ್ಟು ಮಾಡಿ ಒಂದು ಬೇಸಿಗೆ ಬಿಟ್ಟರೆ ಸವಳು ಎಷ್ಟು ಇಳಿಯುತ್ತದೆ ನೋಡಿ, ನಿಮಗೇ ಆಶ್ಚರ್ಯವಾಗುತ್ತದೆ. ಸವಳನ್ನು ನೀರು ಹಾಕಿ ತೊಳೆಯಬಾರದು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಉದುರಿದ್ದನ್ನು ಮೊರದಲ್ಲಿ ತೆಗೆದು ಹೊರಗೆ ಹಾಕಿ.

ಆಮೇಲೆ ಮಾಳಿಗೆ. ಹಳೇ ಗಚ್ಚನ್ನು ಬೆರಳಿನಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದ ಕಡೆ ಹಾಗೇ ಬಿಡಿ, ಪೊಳ್ಳು ಸದ್ದು ಬಂದಲ್ಲಿ ಮಾತ್ರ ತೆಗೆಯಿರಿ. ಬಂಡೆಗಳ ಸಂದಿಗೆ ಸುಣ್ಣ, ಮರಳು, ಸುರ್ಕಿ ಸೇರಿಸಿದ ಗಚ್ಚು. ಸುರ್ಕಿ ಅಂದರೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ. ಅದು ಸೇರಿದರೆ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತದೆ. ಮೇಲೆ ಇಟ್ಟಿಗೆ ಚೂರು, ಸುಣ್ಣದ ಪದರ ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಬಡಿಗೆಯಿಂದ ಬಡಿಯಬೇಕು. ಬಡಿಗೆ ಪುಟಿದು ವಾಪಸ್ ಬರುವವರೆಗೆ. ಇದು ಹೆಂಗಸರು ಗಂಡಸರು ಸಾಲಾಗಿ ಕೂತು ಮಾಡುವ ಕೆಲಸ, ಒಬ್ಬ ಗವಂಡಿಯ ಕೆಲಸ ಅಲ್ಲ. ಅರಳಿಸಿದ ಸುಣ್ಣ ನೀರಿನಡಿ ವಾರಗಟ್ಟಲೆ ಇದ್ದಷ್ಟೂ ಒಳ್ಳೆಯದು. ಇವತ್ತು ಚೀಲದ ಸುಣ್ಣ ತಂದು ನಾಳೆ ಹಚ್ಚುತ್ತೇನೆ ಅನ್ನುವವನನ್ನು ಕಳಿಸಿಬಿಡಿ.

ಗವಂಡಿ ವಿಷಯ ಬಂತಲ್ಲ, ಇನ್ನೊಂದು ಎಚ್ಚರ. 'ಸುಣ್ಣಕ್ಕೆ ಒಂದಿಷ್ಟು ಸಿಮೆಂಟ್ ಹಾಕಿದರೆ ಬೇಗ ಬಿಗಿಯುತ್ತೆ ಸಾಹೇಬ್ರ' ಅನ್ನುತ್ತಾರೆ. ಬಿಗಿಯುವುದು ನಿಜ. ನಮಗೆ ಬೇಗ ಬಿಗಿಯುವುದು ಬೇಡ. ಕೆಲಸಕ್ಕೆ ಮೊದಲು ಮೂಲೆಯಲ್ಲಿ ಒಂದು ಚದರ ಮೀಟರ್ ಮಾದರಿ ಮಾಡಿಸಿ, ತಿಂಗಳು ಬಿಟ್ಟು ನೋಡಿ. ವಿಜಯಪುರದಲ್ಲಿ ಸಂರಕ್ಷಿತ ಸ್ಮಾರಕಗಳ ಮೇಲೆ ಗಚ್ಚಿನ ಕೆಲಸ ಮಾಡಿ ಕೈ ಪಳಗಿದವರು ಸಿಗುತ್ತಾರೆ. ಕೂಲಿ ಜಾಸ್ತಿ, ಕೊಡಿ.

ದರ್ಗಾದ ಗುಮ್ಮಟಕ್ಕೂ ಇದೇ ಗಚ್ಚು, ಇನ್ನೂ ನುಣುಪಾಗಿ. ಹಸಿರು ಬೇಕು ಅನ್ನುವುದು ಭಕ್ತರ ಇಷ್ಟ, ಅದರಲ್ಲಿ ತಪ್ಪಿಲ್ಲ. ಸುಣ್ಣಕ್ಕೆ ಹೊಂದುವ ಖನಿಜದ ಬಣ್ಣದ ಪುಡಿ ಸುಣ್ಣದ ನೀರಿನಲ್ಲೇ ಬೆರೆಸಿ ಬಳಿಯಬಹುದು. ಗೋರಿಯ ಸುತ್ತ ಟೈಲ್ಸ್ ಬದಲು ನಯ ಮಾಡಿದ ಕಲ್ಲು ಹಾಸಿ. ಮರಳು ಊದಿ ಕಲ್ಲು ತೊಳೆಯುವ ಯಂತ್ರದವರು ಬಂದರೆ ಎರಡೂ ಕಮಿಟಿಯವರು ಒಟ್ಟಿಗೆ ಬಾಗಿಲು ಹಾಕಿ. ಕಲ್ಲು ಹೊಸದರಂತೆ ಕಾಣುವುದು ಮೇಲಿನ ಪದರವೇ ಹೋಗಿರುತ್ತದೆ, ಅದಕ್ಕೆ.

ಇಷ್ಟಾದ ಮೇಲೂ ಹಿಂದಿನ ಗೋಡೆ ಚಲಿಸುತ್ತಿದ್ದರೆ ಕೊನೆಯ ದಾರಿ ಆ ಗೋಡೆಯಷ್ಟನ್ನೇ ಬಿಚ್ಚಿ ಮತ್ತೆ ಕಟ್ಟುವುದು. ಪ್ರತಿ ಕಲ್ಲಿಗೂ ನಂಬರು, ಪ್ರತಿ ಸಾಲಿನ ಫೋಟೋ, ನಕ್ಷೆ ಬೇಕು. ಬಿಚ್ಚುವುದು ಸುಲಭ, ಕೂರಿಸುವುದು ಕಷ್ಟ. ಅರ್ಧಕ್ಕೆ ದುಡ್ಡು ಮುಗಿದು ಕಲ್ಲಿನ ರಾಶಿಯಾಗಿ ಉಳಿದ ಗುಡಿಗಳಿವೆ. ಪೂರ್ತಿ ದುಡ್ಡು ಬ್ಯಾಂಕಿಗೆ ಬರುವವರೆಗೆ ಒಂದು ಕಲ್ಲನ್ನೂ ಇಳಿಸಬೇಡಿ. ಗುಡಿಯ ಮಟ್ಟಿಗೆ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಇಂಥ ಕೆಲಸದಲ್ಲಿ ಅನುಭವ ಇರುವ ಸಂಸ್ಥೆ. ಸರ್ಕಾರ, ಟ್ರಸ್ಟ್, ಊರವರು ಮೂವರೂ ಪಾಲು ಹಾಕುವ ಪದ್ಧತಿ ಅವರಲ್ಲಿದೆ. ಅರ್ಜಿ ಹಾಕಿ ನೋಡಿ.

ಈಗ ಇಲಾಖೆಯ ಭಯ. ಕಟ್ಟಡಗಳು ಮೂರು ಬಗೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ, ರಾಜ್ಯ ಪುರಾತತ್ವ ಇಲಾಖೆಯದ್ದು, ಇವೆರಡರಲ್ಲೂ ಇಲ್ಲದವು. ಹಳ್ಳಿಯ ಗುಡಿ ದರ್ಗಾಗಳಲ್ಲಿ ಹೆಚ್ಚಿನವು ಮೂರನೆಯ ಬಗೆ. ಕೇಂದ್ರದ ಪಟ್ಟಿ ಧಾರವಾಡ ವಲಯ ಕಚೇರಿಯಲ್ಲಿ ಸಿಗುತ್ತದೆ. ಜೊತೆಗೆ ಉತಾರ ತೆಗೆಸಿ ಜಾಗ ಯಾರ ಹೆಸರಲ್ಲಿದೆ ನೋಡಿ. ಮುಜರಾಯಿಗೆ ಸೇರಿದ್ದರೆ ಆ ಇಲಾಖೆಯ, ವಕ್ಫ್ ಆಸ್ತಿಯಾಗಿದ್ದರೆ ವಕ್ಫ್ ಮಂಡಳಿಯ ಒಪ್ಪಿಗೆ ಬೇಕು.

ಸಂರಕ್ಷಿತ ಆದ ಕೂಡಲೇ ಪೂಜೆ ನಿಲ್ಲುತ್ತದೆ ಅನ್ನುವುದು ಸುಳ್ಳು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಪೂಜೆ ನಡೆಯುತ್ತಲೇ ಇದೆ. ವಿಜಯಪುರದ ಜಾಮಿಯಾ ಮಸೀದಿಯಲ್ಲಿ ನಮಾಜು ನಿಂತಿಲ್ಲ. ಪಟ್ಟಿಗೆ ಸೇರುವಾಗ ಪೂಜೆ ನಡೆಯುತ್ತಿದ್ದ ಕಡೆ ಅದು ಮುಂದುವರಿಯುತ್ತದೆ. ನಿಂತುಹೋಗಿದ್ದ ಕಡೆ ಹೊಸದಾಗಿ ಶುರು ಮಾಡಲು ಬಿಡುವುದಿಲ್ಲ. ಜನರ ಭಯ ಹುಟ್ಟಿದ್ದು ಈ ಎರಡನೆಯದನ್ನು ನೋಡಿ. ಆದರೆ ತೊಡಕು ಇಲ್ಲ ಅಂತಲೂ ಹೇಳಲಾರೆ. ಕೇಂದ್ರದ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಊರ ನಡುವೆ ಇರುವ ಗುಡಿಗೆ ಇದು ಅಕ್ಕಪಕ್ಕದ ಮನೆಯವರಿಗೆ ನಿಜವಾದ ತಾಪತ್ರಯ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನನ್ನನ್ನು ಕೇಳಿದರೆ, ಊರವರು ಚೆನ್ನಾಗಿ ನೋಡಿಕೊಳ್ಳುವ ಸಣ್ಣ ಗುಡಿಯನ್ನು ಕೇಂದ್ರದ ಪಟ್ಟಿಗೆ ಸೇರಿಸಲು ಓಡಾಡಬೇಕಿಲ್ಲ. ಆದರೆ ರಾಜ್ಯ ಇಲಾಖೆಯವರನ್ನು ಕರೆಸಿ ತೋರಿಸಿ, ಸಲಹೆ ಪಡೆಯಿರಿ. ಕರೆಸಿದ ಮಾತ್ರಕ್ಕೆ ಬೀಗ ಬೀಳುವುದಿಲ್ಲ.

ಕಂಬಗಳ ವಿಷಯವನ್ನು ಕೊನೆಗಿಟ್ಟೆ. ರೀಲ್ಸ್ ಮಾಡುವ ಹುಡುಗರಿಗೆ ಅವು ಸಾಕ್ಷಿಯಂತೆ ಕಾಣುತ್ತವೆ. ಎರಡು ಕಂಬದಿಂದ ಏನು ಹೇಳಬಹುದು, ಏನು ಹೇಳಲಾಗದು ಅಂತ ನೋಡೋಣ. ಅವು ಮೊದಲು ಯಾವುದೋ ಗುಡಿಗೋ ಬಸದಿಗೋ ಕೆತ್ತಿದವು, ಅಷ್ಟು ಹೇಳಬಹುದು. ಬುಡ ನೋಡಿ. ಒಂದರ ಪೀಠ ಅರ್ಧ ನೆಲದೊಳಗಿದೆ. ಇನ್ನೊಂದರ ತಲೆಗೆ ಬೋದಿಗೆಯ (ತೊಲೆ ಹೊರುವ ಕಲ್ಲಿನ) ಬದಲು ಚೂರುಗಲ್ಲು ಪೇರಿಸಿ ಎತ್ತರ ಸರಿ ಮಾಡಿದ್ದಾರೆ. ಅಂದರೆ ಬೇರೆ ಕಡೆಯಿಂದ ತಂದು ಇಲ್ಲಿ ನಿಲ್ಲಿಸಿದ್ದು. ಎಲ್ಲಿಂದ, ಯಾವಾಗ, ಬಿದ್ದ ಕಟ್ಟಡದಿಂದಲೋ ಬೀಳಿಸಿದ ಕಟ್ಟಡದಿಂದಲೋ, ಕಂಬ ಹೇಳುವುದಿಲ್ಲ. ಯುದ್ಧಗಳಲ್ಲಿ ಗುಡಿಗಳನ್ನು ಒಡೆದದ್ದು ಇತಿಹಾಸದಲ್ಲಿದೆ, ಅದನ್ನು ಮುಚ್ಚಿಡಬೇಕಿಲ್ಲ. ಪಾಳುಬಿದ್ದ ಗುಡಿಯ ಕಲ್ಲು ಇನ್ನೊಂದು ಗುಡಿಗೆ, ಬಾವಿಗೆ, ಗೌಡರ ಮನೆಗೆ ಹೋದದ್ದೂ ಇದೆ. ಕೆತ್ತಿದ ಕಲ್ಲು ಯಾವ ಕಾಲದಲ್ಲೂ ತುಟ್ಟಿಯೇ. ನಿಮ್ಮ ಗುಡಿಯ ಮೆಟ್ಟಿಲನ್ನೇ ನೋಡಿ, ಐದನೇ ಫೋಟೋದಲ್ಲಿ ಅಡ್ಡ ಮಲಗಿರುವುದು ಒಂದು ವೀರಗಲ್ಲು.

ನಮ್ಮ ಗಡಿಯ ಕಡೆ ಇಂಥದ್ದು ತುಂಬ. ಬೆಳಗಾವಿ ಕೋಟೆಯೊಳಗೆ ಕಮಲ ಬಸದಿ ಇದೆ. ರಟ್ಟ ವಂಶದ ಅರಸ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಣ 1204ರಲ್ಲಿ ಕಟ್ಟಿಸಿದ್ದು. ಅದೇ ಕೋಟೆಯಲ್ಲಿ 1519ರ ಸಫಾ ಮಸೀದಿ, ಆದಿಲ್ ಶಾಹಿ ಸರದಾರ ಅಸದ್ ಖಾನ್ ಕಟ್ಟಿಸಿದ್ದು. ಆ ಮಸೀದಿಯಲ್ಲೂ ಹಳೆಯ ಕಂಬಗಳಿವೆ, ಶಾಸನಗಳೂ ಇವೆ. ವಿಜಯಪುರದ ಒಳಕೋಟೆ ಅರ್ಕಿಲ್ಲಾದಲ್ಲಿ ಕರೀಮುದ್ದೀನನ ಮಸೀದಿ 1320ರದ್ದು. ಗುಡಿಯ ಕಂಬಗಳಿಂದಲೇ ಎದ್ದಿದೆ. ಅಲ್ಲಿನ ಶಾಸನ ಕಟ್ಟಿದ ಕಸುಬುದಾರನ ಹೆಸರು ಸಾಲೋಟಗಿಯ ರೇವಯ್ಯ ಅನ್ನುತ್ತದೆ. ಇದನ್ನು ಯಾವ ಪಕ್ಷಕ್ಕೆ ಬರೆದುಕೊಳ್ಳುತ್ತೀರಿ? ಇತ್ತ ಮರಾಠರ ಕಾಲದ ಎಷ್ಟೋ ಗುಡಿಗಳಿಗೆ, ವೀರಶೈವ ಮಠಗಳಿಗೆ ಆದಿಲ್ ಶಾಹಿ ಮಾದರಿಯ ಗುಮ್ಮಟ, ಕಮಾನುಗಳಿವೆ. ಗುಮ್ಮಟ ಕಂಡ ಕೂಡಲೇ ಮಸೀದಿ ಅನ್ನುವುದು, ಕಂಬ ಕಂಡ ಕೂಡಲೇ ಗುಡಿ ಅನ್ನುವುದು ಎರಡೂ ಅವಸರದ ಮಾತು. ಕಾನೂನಿನ ಮಟ್ಟಿಗೆ 1991ರ ಪೂಜಾ ಸ್ಥಳಗಳ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕವಲ್ಲದ ಪೂಜಾ ಸ್ಥಳ 1947ರ ಆಗಸ್ಟ್ 15ರಂದು ಹೇಗಿತ್ತೋ ಹಾಗೇ ಇರಬೇಕು ಅನ್ನುತ್ತದೆ ಅದು.

ಅಕ್ಷರಗಳಿಗೆ ಸುಣ್ಣ, ಸೀಮೆಸುಣ್ಣ, ಕುಂಕುಮ, ಪೇಂಟ್ ಏನೂ ತುಂಬಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಅಥವಾ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಡಿ. ಕನ್ನಡ, ಸಂಸ್ಕೃತ ಶಾಸನವಾದರೆ ಮೈಸೂರಿನ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗ ಓದಿಕೊಡುತ್ತದೆ. ಫಾರಸಿ, ಅರಬ್ಬಿಯಾದರೆ ಅದಕ್ಕೆ ನಾಗಪುರದಲ್ಲಿ ಬೇರೆ ವಿಭಾಗ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರನ್ನೂ ಕೇಳಬಹುದು. ನಿಮ್ಮ ಫೋಟೋದಲ್ಲಿ ಲಿಪಿ ಕನ್ನಡದ ಹಾಗೆ ಕಾಣುತ್ತದೆ. ಮೇಲೆ ಸುಣ್ಣ ಮೆತ್ತಿರುವುದರಿಂದ ಪಡಿಯಚ್ಚು, ಅಂದರೆ ಕಾಗದ ಒತ್ತಿ ಅಕ್ಷರದ ಅಚ್ಚು, ತೆಗೆಯದೆ ಒಂದು ಸಾಲೂ ಓದಲಾಗದು. ಗಡಿಯ ಊರು ಅಲ್ವಾ, ಕನ್ನಡ ಶಾಸನ ಅಂತ ಗೊತ್ತಾದ ಕೂಡಲೇ ಇನ್ನೊಂದು ಬಗೆಯ ರೀಲ್ಸ್ ಶುರುವಾಗುತ್ತದೆ. ಆ ಹುಡುಗರನ್ನೇ ಕರೆದು ಪಡಿಯಚ್ಚಿನ ದಿನ ಕಾಗದ ಹಿಡಿಯಲು ನಿಲ್ಲಿಸಿ. ಸಾಮಾನ್ಯವಾಗಿ ಇಂಥ ಶಾಸನದಲ್ಲಿ ಇರುವುದು ಯಾರು ಎಷ್ಟು ಹೊಲ ಬಿಟ್ಟರು, ಒಂದೊಂದು ಗಾಣದಿಂದ ಎಷ್ಟು ಎಣ್ಣೆ ಕೊಟ್ಟರು ಅನ್ನುವ ಲೆಕ್ಕ.

ನಿಧಿ? ಗರ್ಭಗುಡಿಯ ನೆಲ ಅಗೆದರೆ ಮೊದಲು ಕುಸಿಯುವುದು ಗೋಡೆ. ಅಪ್ಪಿತಪ್ಪಿ ಏನಾದರೂ ಸಿಕ್ಕಿದರೂ 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಚರಂಡಿ ಅಗೆಯುವಾಗ ಮೂರ್ತಿಯೋ ನಾಣ್ಯವೋ ಸಿಕ್ಕರೂ ಅಷ್ಟೇ. ಅಲ್ಲೇ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ಹೇಳಿ.

ಪುಣೆಯ ನಿಮ್ಮ ದಾನಿಗೆ ಹೇಳಬೇಕಾದ್ದು ಇದು. ಮೊದಲ ವರ್ಷದ ದುಡ್ಡು ಚರಂಡಿಗೆ, ಎರಡನೇ ವರ್ಷದ್ದು ಎರಡೂ ಮಾಳಿಗೆಗೆ. ಉಳಿದದ್ದನ್ನು ಠೇವಣಿ ಇಟ್ಟು, ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಮಾಳಿಗೆ ತೊಳೆಸಿ ಸುಣ್ಣ ಬಳಿಸಬೇಕು. ಹೆಸರಿನ ಫಲಕ ಬೇಕು ಅಂದರೆ ಹಾಕಿಸಿ, ಕೊಟ್ಟವರಿಗೆ ಅಷ್ಟು ಆಸೆ ಇರುವುದು ಸಹಜ. ಅಂಗಳದ ಗೇಟಿನ ಹತ್ತಿರ ಬೇರೆ ಕಲ್ಲು ನೆಟ್ಟು ಅದರಲ್ಲಿ ಬರೆಸಿ. ಗುಡಿಯ ಗೋಡೆಗೂ ದರ್ಗಾದ ಗೋಡೆಗೂ ಡ್ರಿಲ್ ತಾಗಿಸಬೇಡಿ.